ವಾಹನದ ಸ್ಕ್ಯಾನರ್ ಆಂಟೆನಾಗೆ ಅರ್ಥಿಂಗ್ ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಸ್ಕ್ಯಾನರ್ ಅಂದರೆ ಹಲವು ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ತಡಕಿ ಕೇಳಿಸುವ ರೇಡಿಯೊ. ಕಾರಿಗೆ ಮೊದಲ ಸಲ ಅದರ ಆಂಟೆನಾ ಕೂರಿಸಿದಾಗ ನಾನು ಭಾರೀ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಕಾರಿನ ಮೇಲೆ ಲಗೇಜ್ ಕ್ಯಾರಿಯರ್ ಇತ್ತು. ಅದರ ಕಂಬಿಗೆ ಬ್ರಾಕೆಟ್ ಬಿಗಿದು ಆಂಟೆನಾ ನಿಲ್ಲಿಸಿದೆ. ಬ್ರಾಕೆಟ್‌ನಿಂದ ಒಂದು ಹಸಿರು ವೈರ್ ಎಳೆದು ಬಾಗಿಲ ಪಕ್ಕದ ಬೋಲ್ಟ್‌ಗೆ ಸಿಕ್ಕಿಸಿದೆ. ಮಲ್ಟಿಮೀಟರ್ ಇಟ್ಟು ನೋಡಿದರೆ 0.2 ಓಮ್. ಅರ್ಥಿಂಗ್ ಪಕ್ಕಾ ಅಲ್ವಾ? ಆದರೆ ಸ್ಕ್ಯಾನರ್ ಆನ್ ಮಾಡಿದರೆ ಬರೀ ಸ್ಸ್ ಅನ್ನುವ ಸದ್ದು. ಸ್ಕ್ಯಾನರ್ ಜೊತೆ ಬಂದಿದ್ದ ಗೇಣುದ್ದದ ರಬ್ಬರ್ ಆಂಟೆನಾನೇ ಇದಕ್ಕಿಂತ ವಾಸಿಯಾಗಿತ್ತು.

ತಪ್ಪು ಇದ್ದದ್ದು ಆ ಹಸಿರು ವೈರ್‌ನಲ್ಲೇ. ಮೀಟರ್ ಅಳೆಯುವುದು ಡಿಸಿ ಕರೆಂಟ್‌ನ ದಾರಿಯನ್ನು. ರೇಡಿಯೊ ಕರೆಂಟ್‌ಗೆ ವೈರ್ ಅಂದರೆ ಒಂದು ಕಾಯಿಲ್. ಸಾಧಾರಣ ವೈರ್‌ಗೆ ಪ್ರತಿ ಸೆಂಟಿಮೀಟರ್‌ಗೆ ಸುಮಾರು 10 ನ್ಯಾನೊಹೆನ್ರಿ ಇಂಡಕ್ಟನ್ಸ್ (ಏರಿಳಿಯುವ ಕರೆಂಟ್‌ಗೆ ಅಡ್ಡಿಯೊಡ್ಡುವ ಗುಣ) ಇರುತ್ತದೆ. 30 ಸೆಂಟಿಮೀಟರ್ ವೈರ್ ಅಂದರೆ 300 ನ್ಯಾನೊಹೆನ್ರಿ. 150 ಮೆಗಾಹರ್ಟ್ಜ್‌ನಲ್ಲಿ ಅದು ಒಡ್ಡುವ ಅಡ್ಡಿ ಸುಮಾರು 280 ಓಮ್. ಅದರ ಮೇಲೆ ನಿಂತಿರುವ ಕ್ವಾರ್ಟರ್ ವೇವ್ ಆಂಟೆನಾದ (ರೇಡಿಯೊ ಅಲೆಯ ಕಾಲು ಭಾಗದಷ್ಟು ಉದ್ದದ್ದು) ಇಂಪಿಡೆನ್ಸ್, ಅಂದರೆ ರೇಡಿಯೊ ಕರೆಂಟ್‌ಗೆ ಒಡ್ಡುವ ಒಟ್ಟು ಅಡ್ಡಿ, 36 ಓಮ್ ಆಸುಪಾಸು ಮಾತ್ರ. ಅಂದರೆ ನಾನು ಅರ್ಥ್ ಅಂದುಕೊಂಡು ಎಳೆದ ವೈರ್, ರೇಡಿಯೊ ಸಿಗ್ನಲ್‌ಗೆ ಹೆಚ್ಚುಕಮ್ಮಿ ಗೋಡೆ ಆಗಿತ್ತು.

ಮೀಟರ್‌ಗೆ ಕಾಣುವ ಅರ್ಥ್ ಬೇರೆ, ಆಂಟೆನಾಗೆ ಬೇಕಾದ ಅರ್ಥ್ ಬೇರೆ. ಇದೊಂದು ತಲೆಗೆ ಹೋದರೆ ಮುಂದಿನ ಕೆಲಸ ಅರ್ಧ ಮುಗಿದ ಹಾಗೆ.

ಯಾವ ಅರ್ಥ್ ಬಗ್ಗೆ ಮಾತಾಡುತ್ತಿದ್ದೇವೆ?

ಕಾರಿನ ವಿಷಯದಲ್ಲಿ ಅರ್ಥ್ ಅನ್ನುವ ಒಂದೇ ಪದಕ್ಕೆ ಮೂರು ಕೆಲಸ ಅಂಟಿಕೊಂಡಿವೆ. ನೆಲಕ್ಕೂ ಇವಕ್ಕೂ ಸಂಬಂಧವಿಲ್ಲ. ಕಾರು ನಿಂತಿರುವುದು ಟೈರ್ ಮೇಲೆ.

ಮೊದಲನೆಯದು ಗ್ರೌಂಡ್ ಪ್ಲೇನ್. ಆಂಟೆನಾ ಕಡ್ಡಿ ಅನ್ನುವುದು ಅರ್ಧ ಆಂಟೆನಾ ಅಷ್ಟೇ. ಉಳಿದರ್ಧ ಅದರ ಬುಡದಲ್ಲಿ ಸುತ್ತ ಹರಡಿರುವ ತಗಡು. ಕಡ್ಡಿಯಲ್ಲಿ ಹರಿಯುವಷ್ಟೇ ಕರೆಂಟ್ ತಗಡಿನಲ್ಲೂ ಹರಿಯಬೇಕು. ಎರಡನೆಯದು ಸ್ಕ್ಯಾನರ್‌ನ ಪವರ್ ನೆಗೆಟಿವ್. ಮೂರನೆಯದು ಬಾಂಡಿಂಗ್, ಅಂದರೆ ಬಾನೆಟ್, ಡಿಕ್ಕಿ ಬಾಗಿಲು, ಬಾಡಿ ಎಲ್ಲವನ್ನೂ ಒಂದಕ್ಕೊಂದು ಗಟ್ಟಿಯಾಗಿ ಬೆಸೆಯುವುದು.

ಈ ಮೂರರಲ್ಲಿ ರಿಸೆಪ್ಷನ್ ತಂದುಕೊಡುವುದು ಮೊದಲನೆಯದು. ಉಳಿದೆರಡು ಮುಖ್ಯವಾಗಿ ಗಲಾಟೆ, ಅಂದರೆ ಸಿಗ್ನಲ್ ಜೊತೆ ಸೇರುವ ಬೇಡದ ಸದ್ದು, ಕಡಿಮೆ ಮಾಡಲು. ಬಹಳ ಜನ ಎರಡು ಮತ್ತು ಮೂರನ್ನು ಅಚ್ಚುಕಟ್ಟಾಗಿ ಮಾಡಿ, ಮೊದಲನೆಯದನ್ನೇ ಮರೆತಿರುತ್ತಾರೆ.

ತಗಡು ಸಿಗದಿದ್ದರೆ ಆಂಟೆನಾ ಸುಮ್ನೆ ಕೂರುವುದಿಲ್ಲ. ಕೇಬಲ್‌ನ ಹೊರಗಿನ ಜಾಲರಿಯನ್ನೇ ತನ್ನ ಉಳಿದರ್ಧ ಮಾಡಿಕೊಳ್ಳುತ್ತದೆ. ಆ ಕೇಬಲ್ ಹೋಗುವುದು ಕಾರಿನ ಒಳಗೆ, ಚಾರ್ಜರ್, ಡ್ಯಾಶ್‌ಕ್ಯಾಮ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ವೈರಿಂಗ್ ಎಲ್ಲದರ ಪಕ್ಕದಲ್ಲಿ. ಹಾಗಾಗಿ ದೂರದ ಸಿಗ್ನಲ್ ಕಡಿಮೆ, ಕಾರಿನದ್ದೇ ಗಲಾಟೆ ಜಾಸ್ತಿ. ಇದನ್ನು ಪತ್ತೆ ಮಾಡುವುದು ಬಹಳ ಸುಲಭ. ಒಂದು ಬಲಹೀನ ಸಿಗ್ನಲ್ ಬರುತ್ತಿರುವಾಗ ಸೀಟಿನ ಪಕ್ಕದ ಕೇಬಲ್ ಅನ್ನು ಮುಷ್ಟಿಯಲ್ಲಿ ಹಿಡಿದು ನಿಧಾನವಾಗಿ ಕೈ ಜರುಗಿಸಿ. ಸಿಗ್ನಲ್ ಮೀಟರ್ ಏರಿಳಿದರೆ ಕೇಬಲ್ ಕೂಡ ಆಂಟೆನಾ ಆಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಗ್ರೌಂಡ್ ಪ್ಲೇನ್ ಸರಿ ಇದ್ದರೆ ಕೇಬಲ್ ಮುಟ್ಟಿದರೂ ಏನೂ ಬದಲಾಗುವುದಿಲ್ಲ.

ಹೆಜ್ಜೆ 1: ಏನು ಕೇಳಬೇಕು ಅಂತ ಬರೆದುಕೊಳ್ಳಿ

ಅದಕ್ಕೂ ಮೊದಲು ಒಂದು ಮಾತು. ವಾಹನದಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಂಥ ದೇಶದಲ್ಲೂ ಕೆಲವು ರಾಜ್ಯಗಳು ಇದಕ್ಕೆ ನಿರ್ಬಂಧ ಹಾಕಿವೆ. ನಿಮ್ಮಲ್ಲಿ ಏನು ನಿಯಮ ಅಂತ ನೋಡಿಕೊಂಡೇ ಮುಂದುವರಿಯಿರಿ.

ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಜ್ ನಡುವೆ, ಅದೂ ಎಎಂನಲ್ಲಿ. ಅದರ ಮೇಲಿನ ವಿಎಚ್‌ಎಫ್ ಬ್ಯಾಂಡ್ 174ರವರೆಗೆ. ಯುಎಚ್‌ಎಫ್ 400ರಿಂದ ಮೇಲೆ. ಕೆಲವು ದೇಶಗಳ ಟ್ರಂಕಿಂಗ್ ವ್ಯವಸ್ಥೆಗಳು (ಕೆಲವೇ ಚಾನೆಲ್‌ಗಳನ್ನು ಅನೇಕರು ಹಂಚಿಕೊಳ್ಳುವ ರೇಡಿಯೊ ಜಾಲ) 800ರ ಆಸುಪಾಸು. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಬಲಹೀನವಾಗಿ ಬರುವ ಬ್ಯಾಂಡ್ ಯಾವುದೋ ಅದಕ್ಕೆ ತಕ್ಕಂತೆ ಆಂಟೆನಾ ಆರಿಸಿ. ಚೆನ್ನಾಗಿ ಬರುವುದು ಯಾವ ಕಡ್ಡಿಗಾದರೂ ಬರುತ್ತದೆ.

ಕ್ವಾರ್ಟರ್ ವೇವ್ ಕಡ್ಡಿಯ ಉದ್ದಕ್ಕೆ ಒಂದು ಸುಲಭ ಲೆಕ್ಕ ಇದೆ. 7100 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಉದ್ದ ಸೆಂಟಿಮೀಟರ್‌ನಲ್ಲಿ ಬರುತ್ತದೆ. 125ಕ್ಕೆ ಸುಮಾರು 57, 155ಕ್ಕೆ 46, 460ಕ್ಕೆ 15.4, 860ಕ್ಕೆ ಕೇವಲ 8.3 ಸೆಂಟಿಮೀಟರ್.

ಇಲ್ಲೊಂದು ಅನುಕೂಲ ಇದೆ. 155ಕ್ಕೆ ಕತ್ತರಿಸಿದ 46 ಸೆಂಟಿಮೀಟರ್ ಕಡ್ಡಿ, ಅದರ 3 ಪಟ್ಟು ಫ್ರೀಕ್ವೆನ್ಸಿಯಾದ 465ರಲ್ಲಿ ಮುಕ್ಕಾಲು ವೇವ್ ಆಗಿ ಕೆಲಸ ಮಾಡುತ್ತದೆ. ಯುಎಚ್‌ಎಫ್‌ನಲ್ಲಿ ಅದು ಸ್ವಲ್ಪ ಆಕಾಶದ ಕಡೆ ನೋಡುತ್ತದೆ ಅನ್ನುವುದು ನಿಜ. ಆದರೂ ಒಂದೇ ಕಡ್ಡಿಯಲ್ಲಿ ಎರಡು ಬ್ಯಾಂಡ್ ಸಿಕ್ಕ ಹಾಗಾಯಿತು. ನನ್ನ ಕಾರಿನಲ್ಲಿ ಈಗಲೂ ಇರುವುದು ಇದೇ.

ಜಾಸ್ತಿ ಗೇನ್ (ಒಂದು ದಿಕ್ಕಿನ ಸಿಗ್ನಲ್ ಜೋರಾಗಿ ಹಿಡಿಯುವ ಗುಣ) ಅಂತ ಉದ್ದದ 5/8 ವೇವ್ ಆಂಟೆನಾ ತೆಗೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಬಯಲು ಪ್ರದೇಶದಲ್ಲಿ, ಒಂದೇ ಬ್ಯಾಂಡ್ ಕೇಳುವವರಿಗೆ ಅದು ಒಳ್ಳೆಯದೇ. ಆದರೆ ಅದರ ಕಾಯಿಲ್ ಒಂದು ಕಿರಿದಾದ ಬ್ಯಾಂಡ್‌ಗೆ ಟ್ಯೂನ್ ಆಗಿರುತ್ತದೆ. ಗುಡ್ಡದ ಮೇಲಿನ ಟವರ್‌ನ ಕೆಳಗೇ ನೀವಿದ್ದರೆ ಸಿಗ್ನಲ್ ತಲೆ ಮೇಲಿಂದ ಬರುತ್ತದೆ, ಆಂಟೆನಾ ದಿಗಂತದ ಕಡೆ ನೋಡುತ್ತಿರುತ್ತದೆ. ಬ್ಯಾಂಡ್‌ನಿಂದ ಬ್ಯಾಂಡ್‌ಗೆ ಹಾರುವ ಸ್ಕ್ಯಾನರ್‌ಗೆ ಸಾದಾ ಕ್ವಾರ್ಟರ್ ವೇವ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಎಸ್‌ಡಬ್ಲ್ಯುಆರ್ (ಆಂಟೆನಾ ಮತ್ತು ಕೇಬಲ್ ಎಷ್ಟು ಹೊಂದುತ್ತವೆ ಅನ್ನುವ ಅಳತೆ) ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ. ಅದು ಟ್ರಾನ್ಸ್‌ಮಿಟ್ ಮಾಡುವವರ ಚಿಂತೆ. 3:1 ಇದ್ದರೂ ಮಿಸ್‌ಮ್ಯಾಚ್‌ನಲ್ಲಿ ಹೋಗುವುದು 1.25 ಡೆಸಿಬೆಲ್. ಕೇಳಲು ಅದರಿಂದ ದೊಡ್ಡ ನಷ್ಟವಿಲ್ಲ.

ಹೆಜ್ಜೆ 2: ಜಾಗ ಹುಡುಕಿ

ರೂಫ್‌ನ ನಟ್ಟನಡುವೆ. ಚರ್ಚೆಯೇ ಬೇಡ. ಎಲ್ಲ ಕಡೆಗೂ ಸಮನಾಗಿ ತಗಡು ಸಿಗುತ್ತದೆ, ಎತ್ತರವೂ ಸಿಗುತ್ತದೆ. ಬುಡದಿಂದ ಎಲ್ಲ ದಿಕ್ಕಿಗೂ ಕಡ್ಡಿಯ ಉದ್ದದಷ್ಟಾದರೂ ತಗಡು ಇರಬೇಕು ಅನ್ನುವುದು ಅಳತೆಗೋಲು. ವಿಎಚ್‌ಎಫ್‌ಗೆ ಅರ್ಧ ಮೀಟರ್, 860ಕ್ಕೆ ಅಂಗೈ ಅಗಲ ಸಾಕು.

ಮೂಲೆಯಲ್ಲಿ ಕೂರಿಸಿದರೆ ಆಂಟೆನಾ ಒಂದು ಕಡೆಗೆ ವಾಲುತ್ತದೆ. ತಗಡು ಯಾವ ಕಡೆ ಜಾಸ್ತಿಯೋ ಆ ಕಡೆಯ ಸಿಗ್ನಲ್ ಚೆನ್ನಾಗಿ ಬರುತ್ತದೆ. ಹಿಂದಿನ ಎಡ ಮೂಲೆಯಲ್ಲಿಟ್ಟರೆ ಮುಂದಿನ ಬಲಗಡೆ ಜೋರು. ಬಾನೆಟ್ ಅಂಚು, ಡಿಕ್ಕಿ ಅಂಚು ಎಲ್ಲಕ್ಕೂ ಇದೇ ಕಥೆ. ಸಾಲದ್ದಕ್ಕೆ ಬಾನೆಟ್ ಅಂದರೆ ಎಂಜಿನ್ ತಲೆ ಮೇಲೆ ಕೂತ ಹಾಗೆ, ಗಲಾಟೆ ಅಲ್ಲೇ ಹುಟ್ಟುವುದು.

ಗಾಜಿನ ರೂಫ್ ಇದ್ದರೆ? ಅಲ್ಯೂಮಿನಿಯಂ ಬಾಡಿ ಇದ್ದರೆ? ಇವೆರಡನ್ನೂ ಒಂದೇ ತೊಂದರೆ ಅಂತ ಸೇರಿಸಿಬಿಡುತ್ತಾರೆ, ಅದು ತಪ್ಪು. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಅಂಟುವುದಿಲ್ಲ ಅಷ್ಟೇ. ಗ್ರೌಂಡ್ ಪ್ಲೇನ್ ಆಗಿ ಅದು ಕಬ್ಬಿಣಕ್ಕಿಂತ ಒಂದು ಕೈ ಮೇಲು. 2015ರ ಮಾಡೆಲ್‌ನಿಂದ ಅಲ್ಯೂಮಿನಿಯಂ ಬಾಡಿ ಪಡೆದ ಫೋರ್ಡ್ ಎಫ್-150 ಇಂಥದ್ದೇ ಗಾಡಿ. ಅಲ್ಲಿ ತೂತು ಕೊರೆದು ಕೂರಿಸಿದರೆ ಆಯಿತು. ಗಾಜು ಮತ್ತು ಫೈಬರ್ ಕಥೆ ಬೇರೆ. ಅಲ್ಲಿ ತಗಡೇ ಇಲ್ಲ. ಒಂದೋ ಹಾಫ್ ವೇವ್ ಆಂಟೆನಾ ಹಾಕಬೇಕು, ಅದಕ್ಕೆ ಗ್ರೌಂಡ್ ಪ್ಲೇನ್ ಹಂಗು ಬಹಳ ಕಡಿಮೆ. ಇಲ್ಲವೇ ಫೈಬರ್ ರೂಫ್‌ನ ಒಳಗಡೆ, ಲೈನಿಂಗ್ ಮೇಲೆ, ತೆಳು ತಾಮ್ರದ ಅಥವಾ ಅಲ್ಯೂಮಿನಿಯಂ ಹಾಳೆ ಅಂಟಿಸಿ ಅದಕ್ಕೆ ಮೌಂಟ್‌ನ (ಆಂಟೆನಾ ಕೂರುವ ಪೀಠ) ಬುಡ ನೇರವಾಗಿ ಮುಟ್ಟುವಂತೆ ಮಾಡಬೇಕು.

ಗಾಜಿಗೆ ಅಂಟಿಸುವ ಆಂಟೆನಾಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಸಿಗ್ನಲ್ ಗಾಜಿನ ಮೂಲಕ ತೂರಿ ಬರಬೇಕು, ಅಲ್ಲಿ ಅಷ್ಟು ನಷ್ಟ. ಗಾಜಿಗೆ ಲೋಹದ ಲೇಪವಿದ್ದರೆ ಇನ್ನೂ ಕಷ್ಟ.

ಹೆಜ್ಜೆ 3: ಮೌಂಟ್ ಕೂರಿಸುವುದು

ಮ್ಯಾಗ್ನೆಟ್ ಮೌಂಟ್‌ನಿಂದ ಶುರು ಮಾಡೋಣ, ಏಕೆಂದರೆ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಬಣ್ಣದ ಮೇಲೆ ರಬ್ಬರ್ ಹೊದಿಕೆ ಇಟ್ಟು ಕೂರಿಸಿದರೆ ಅರ್ಥ್ ಎಲ್ಲಿಂದ ಸಿಗುತ್ತದೆ ಅನ್ನುವ ಪ್ರಶ್ನೆ ಸಹಜ. ಮೀಟರ್ ಇಟ್ಟರೆ ಏನೂ ತೋರಿಸುವುದಿಲ್ಲ, ಪೂರ್ತಿ ಓಪನ್. ಆದರೂ ಕೆಲಸ ಮಾಡುತ್ತದೆ! ಬುಡದ ಲೋಹದ ತಟ್ಟೆ, ಕೆಳಗಿನ ತಗಡು, ನಡುವೆ ತೆಳು ಪದರ: ಇವೆಲ್ಲ ಸೇರಿ ಒಂದು ಕೆಪಾಸಿಟರ್ ಆಗುತ್ತದೆ, ಅದು ಡಿಸಿ ತಡೆದು ರೇಡಿಯೊ ಕರೆಂಟ್ ದಾಟಿಸುತ್ತದೆ. 8 ಸೆಂಟಿಮೀಟರ್ ಅಗಲದ ಬುಡ, 0.3 ಮಿಲಿಮೀಟರ್ ಪದರ ಅಂದುಕೊಳ್ಳಿ. ಸುಮಾರು 400 ಪಿಕೊಫ್ಯಾರಡ್ ಬರುತ್ತದೆ. 150 ಮೆಗಾಹರ್ಟ್ಜ್‌ನಲ್ಲಿ ಅದರ ಅಡ್ಡಿ 3 ಓಮ್‌ಗಿಂತ ಕಡಿಮೆ. ನನ್ನ ಹಸಿರು ವೈರ್‌ನ 280 ಓಮ್ ಎಲ್ಲಿ, ಇದರ 3 ಓಮ್ ಎಲ್ಲಿ!

ಅದೇ 27 ಮೆಗಾಹರ್ಟ್ಜ್ ಸಿಬಿ (ಸಾರ್ವಜನಿಕರು ಮಾತಾಡಲು ಬಳಸುವ) ಬ್ಯಾಂಡ್‌ನಲ್ಲಿ ಈ ಅಡ್ಡಿ 15 ಓಮ್ ಹತ್ತಿರ ಹೋಗುತ್ತದೆ. ಬುಡ ಚಿಕ್ಕದಾದರೂ ಅಡ್ಡಿ ಏರುತ್ತದೆ. 3 ಸೆಂಟಿಮೀಟರ್ ಬುಡದ ಪುಟ್ಟ ಮೌಂಟ್ ಯುಎಚ್‌ಎಫ್‌ಗೆ ಸರಿ, ವಿಎಚ್‌ಎಫ್‌ಗೆ ಅಷ್ಟಕ್ಕಷ್ಟೇ.

ಹಾಗಾಗಿ ಮ್ಯಾಗ್ನೆಟ್ ಕೆಳಗೆ ಬಣ್ಣ ಕೆರೆಯಲು ಹೋಗಬೇಡಿ. ತುಕ್ಕು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಮಾಡಬೇಕಾದ್ದು ಇಷ್ಟು: ರೂಫ್ ಮತ್ತು ಮ್ಯಾಗ್ನೆಟ್ ತಳ ಎರಡನ್ನೂ ಒರೆಸಿ, ಒಂದು ಮರಳಿನ ಕಣ ಕೂಡ ಇರಬಾರದು. ಸಮತಟ್ಟಾದ ಕಡೆ ಇಡಿ. ರೂಫ್‌ನ ಏಣುಗಳ ಮೇಲಿಟ್ಟರೆ ಅಡಿಯಲ್ಲಿ ಗಾಳಿ ಸೇರಿ ಕೆಪಾಸಿಟರ್ ಅರ್ಧಕ್ಕಿಳಿಯುತ್ತದೆ. ಮ್ಯಾಗ್ನೆಟ್ ಅನ್ನು ಎಳೆದು ಜರುಗಿಸಬೇಡಿ, ಎತ್ತಿ ಇಡಿ. ಕೇಬಲ್ ಅನ್ನು ಬಾಗಿಲಿನ ರಬ್ಬರ್ ಬೀಡಿಂಗ್ ದಪ್ಪವಿರುವ ಕಡೆ ಒಳಗೆ ತನ್ನಿ. ಒಳಗೆ ಬರುವ ಮೊದಲು ಕೇಬಲ್ ಸ್ವಲ್ಪ ಜೋತುಬೀಳುವಂತೆ ಬಿಟ್ಟರೆ ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಇನ್ನು ಅಂಚಿಗೆ ಕಚ್ಚಿಸುವ ಲಿಪ್ ಮೌಂಟ್. ಡಿಕ್ಕಿ ಬಾಗಿಲಿನ ಅಂಚಿಗೆ ಎರಡು ಪುಟ್ಟ ಅಲೆನ್ ಸ್ಕ್ರೂಗಳಿಂದ ಇದನ್ನು ಬಿಗಿಯುತ್ತಾರೆ. ಆ ಸ್ಕ್ರೂ ಮೊನೆ ಬಣ್ಣ ಸೀಳಿ ಲೋಹ ಮುಟ್ಟಬೇಕು. ಬರೀ ಬಿಗಿದರೆ ಅದು ಬಣ್ಣದ ಮೇಲೇ ಕೂತಿರಬಹುದು. ಒಳಗಡೆಯಿಂದ, ಮೊನೆ ತಾಗುವ ಕಡೆ ಮಾತ್ರ, ಕಡಲೆಕಾಳಿನಷ್ಟು ಜಾಗದಲ್ಲಿ ಬಣ್ಣ ಕೆರೆದು, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಆಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ: ಬಾಗಿಲನ್ನು ಬಾಡಿಗೆ ಬೆಸೆಯುವುದು. ಹಿಂಜ್‌ನಲ್ಲಿ ಗ್ರೀಸ್, ಬಣ್ಣ, ಪ್ಲಾಸ್ಟಿಕ್ ಬುಷ್ ಎಲ್ಲ ಇರುತ್ತದೆ. ರಸ್ತೆ ಹಂಪ್ ಮೇಲೆ ಕಾರು ಹಾರಿದಾಗಲೆಲ್ಲ ಪಟಪಟ ಅಂತ ಸದ್ದು ಬಂದರೆ ಕಳ್ಳ ಅಲ್ಲೇ ಇದ್ದಾನೆ.

ಅದಕ್ಕೆ ಹೆಣೆದ ತಾಮ್ರದ ಚಪ್ಪಟೆ ಪಟ್ಟಿ ಬಳಸಿ, ತವರ ಲೇಪಿಸಿದ್ದಾದರೆ ಉತ್ತಮ. ಗುಂಡು ವೈರ್ ಬೇಡ, ಯಾಕೆ ಅಂತ ಮೊದಲೇ ನೋಡಿದೆವು. ಅಗಲ ಜಾಸ್ತಿಯಾದಷ್ಟೂ, ಉದ್ದ ಕಡಿಮೆಯಾದಷ್ಟೂ ಒಳ್ಳೆಯದು. ಅಗಲದ 5 ಪಟ್ಟಿಗಿಂತ ಉದ್ದ ಬೇಡ ಅನ್ನುವುದು ಒಂದು ರೂಢಿ. ಬಾಗಿಲು ತೆರೆಯಲು ಅಷ್ಟು ಸಾಲದಿದ್ದರೆ ಎರಡೂ ಹಿಂಜ್‌ಗೆ ಒಂದೊಂದು ಪಟ್ಟಿ ಹಾಕಿ. ಎರಡೂ ತುದಿಯಲ್ಲಿ ಬಣ್ಣ ಕೆರೆದು, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಯಿರಿ.

ತೂತು ಕೊರೆಯುವ ಧೈರ್ಯ ಇದ್ದವರಿಗೆ

ಎನ್‌ಎಂಒ ಮೌಂಟ್ ಅಂದರೆ ರೂಫ್‌ಗೆ 19 ಮಿಲಿಮೀಟರ್ ತೂತು ಕೊರೆದು ಕೂರಿಸುವ ಮೌಂಟ್. ಕೊರೆಯುವಾಗ ಕೈ ನಡುಗುವುದು ಸಹಜ. ಆದರೆ ಇಷ್ಟು ವರ್ಷದಲ್ಲಿ ಕೊರೆದು ಪಶ್ಚಾತ್ತಾಪ ಪಟ್ಟವರಿಗಿಂತ, ಮೊದಲೇ ಕೊರೆಯಬೇಕಿತ್ತು ಅಂದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಕಾರು ನಿಮ್ಮದೇ ಆಗಿರಲಿ, ಅಷ್ಟೇ.

ಮೊದಲು ಒಳಗಿನ ಲೈಟ್ ಬಿಚ್ಚಿ, ಲೈನಿಂಗ್ ಸ್ವಲ್ಪ ಇಳಿಸಿ ನೋಡಿ. ಅಡ್ಡಪಟ್ಟಿ ಎಲ್ಲಿದೆ, ವೈರ್ ಎಲ್ಲಿದೆ, ಸನ್‌ರೂಫ್‌ನ ನೀರಿನ ಪೈಪ್ ಎಲ್ಲಿದೆ ಅಂತ ಕಣ್ಣಾರೆ ಕಾಣಬೇಕು. ಬಾಗಿಲುಗಳ ಮೇಲ್ಗಡೆ ಮತ್ತು ಕಂಬಗಳ ಒಳಗೆ ಕರ್ಟನ್ ಏರ್‌ಬ್ಯಾಗ್ ಇರುತ್ತದೆ. ಅದರ ದಾರಿಯಲ್ಲಿ ಕೇಬಲ್ ಹಾಯಿಸಬಾರದು, ಅದರ ಬೋಲ್ಟ್‌ಗೆ ಅರ್ಥ್ ಕಟ್ಟಲೂಬಾರದು. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟೇ ಕೆಲಸ ಶುರು ಮಾಡಿ.

ರೂಫ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಳತೆ ಎರಡು ಸಲ ಹಾಕಿ ಗುರುತು ಮಾಡಿ. ಪಂಚ್‌ನಿಂದ ಸಣ್ಣ ಗುಂಡಿ ಹೊಡೆದು 3 ಮಿಲಿಮೀಟರ್ ಬಿಟ್‌ನಿಂದ ಮೊದಲ ತೂತು ಹಾಕಿ. ಆಮೇಲೆ ಎನ್‌ಎಂಒಗೆಂದೇ ಬರುವ ಹೋಲ್ ಸಾ ಬಳಸಿ. ಅದರಲ್ಲಿ ಜಾಸ್ತಿ ಆಳಕ್ಕೆ ಹೋಗದಂತೆ ತಡೆ ಇರುತ್ತದೆ. ನಿಧಾನ ಸ್ಪೀಡ್, ಹಗುರ ಒತ್ತು. ರೂಫ್ ತಗಡು ಒಂದು ಮಿಲಿಮೀಟರ್‌ನಷ್ಟೂ ಇರುವುದಿಲ್ಲ, ಜೋರಾಗಿ ಒತ್ತಿದರೆ ತಗ್ಗು ಬೀಳುತ್ತದೆ. ಚೂರುಗಳನ್ನು ಕೈಯಿಂದ ಒರೆಸದೆ ವ್ಯಾಕ್ಯೂಮ್‌ನಿಂದ ಎಳೆಯಿರಿ. ಒಂದು ಚೂರು ಬಣ್ಣದ ಮೇಲೆ ಉಳಿದರೂ ಮುಂದಿನ ಮಳೆಗೆ ಅಲ್ಲೊಂದು ಕೆಂಪು ಚುಕ್ಕೆ ಗ್ಯಾರಂಟಿ.

ಈಗ ಅರ್ಥಿಂಗ್‌ನ ಅಸಲಿ ಕ್ಷಣ. ತೂತಿನ ಒಳಗಡೆ, ಮೌಂಟ್‌ನ ಹಲ್ಲುಗಳು ತಗಡನ್ನು ಕಚ್ಚುವ ಜಾಗದಲ್ಲಿ ಬಣ್ಣ ಇರುತ್ತದೆ. ತೂತಿನ ಸುತ್ತ 3-4 ಮಿಲಿಮೀಟರ್ ಅಗಲದ ಒಂದು ಉಂಗುರದಷ್ಟು ಜಾಗದಲ್ಲಿ ಅದನ್ನು ಸ್ಯಾಂಡ್‌ಪೇಪರ್‌ನಿಂದ ಹೊಳೆಯುವ ತನಕ ಕೆರೆಯಿರಿ. ಮೇಲ್ಗಡೆ ಕೆರೆಯಬೇಡಿ, ಅಲ್ಲಿ ಕೂರುವುದು ರಬ್ಬರ್ ರಿಂಗ್. ಮೌಂಟ್ ಹಾಕಿ ಬಿಗಿಯಿರಿ, ಹಲ್ಲು ಕಚ್ಚುವುದು ಕೈಗೇ ಗೊತ್ತಾಗುತ್ತದೆ. ನೀರು ಬರದಿರಲಿ ಅಂತ ಒಳಗಡೆಗೂ ಸಿಲಿಕೋನ್ ಮೆತ್ತುವವರಿದ್ದಾರೆ. ಕಷ್ಟಪಟ್ಟು ಕೆರೆದ ಜಾಗಕ್ಕೆ ಮತ್ತೆ ಇನ್ಸುಲೇಷನ್ ಹಾಕಿದ ಹಾಗಾಗುತ್ತದೆ, ಬೇಡ.

ಈ ಮೌಂಟ್‌ನಲ್ಲಿ ಕರೆಂಟ್ 360 ಡಿಗ್ರಿಯೂ ಸುತ್ತಲಿನ ತಗಡಿಗೆ ಹರಿಯುತ್ತದೆ. ಬೇರೆ ಯಾವ ವೈರೂ ಬೇಕಿಲ್ಲ.

ಹೆಜ್ಜೆ 4: ಕೇಬಲ್

50 ಓಮ್ ಕೇಬಲ್, ಎಷ್ಟು ಬೇಕೋ ಅಷ್ಟೇ ಉದ್ದ. 5 ಮೀಟರ್ ಆರ್‌ಜಿ-58 ಕೇಬಲ್ 155 ಮೆಗಾಹರ್ಟ್ಜ್‌ನಲ್ಲಿ ಸುಮಾರು 1 ಡೆಸಿಬೆಲ್ ತಿನ್ನುತ್ತದೆ, 860ರಲ್ಲಿ 2.5ರಿಂದ 3. ಅಂದರೆ 860ರಲ್ಲಿ ಅರ್ಧದಷ್ಟು ಸಿಗ್ನಲ್ ಕೇಬಲ್‌ನಲ್ಲೇ ಹೋಯಿತು. ಅಗ್ಗದ ಮ್ಯಾಗ್ನೆಟ್ ಮೌಂಟ್‌ಗಳಲ್ಲಿ ಬರುವ, ಶೂ ಲೇಸ್‌ನಷ್ಟು ತೆಳ್ಳಗಿನ ಆರ್‌ಜಿ-174 ಆದರೆ 5 ಡೆಸಿಬೆಲ್ ಹತ್ತಿರ, ಉಳಿಯುವುದು ಮೂರನೇ ಒಂದು ಭಾಗ. ಅದೇ ಉದ್ದಕ್ಕೆ ಎಲ್‌ಎಂಆರ್-240 ತಿನ್ನುವುದು 1.2 ಮಾತ್ರ. 800 ಬ್ಯಾಂಡ್ ಕೇಳುವವರು ಆಂಟೆನಾಗಿಂತ ಮೊದಲು ಕೇಬಲ್ ಬದಲಾಯಿಸಿ. ಬರೀ ವಿಎಚ್‌ಎಫ್ ಆದರೆ ಆರ್‌ಜಿ-58 ಧಾರಾಳ ಸಾಕು.

ಉಳಿದ ಕೇಬಲ್ ಅನ್ನು ಸೀಟಿನ ಕೆಳಗೆ ಸುತ್ತಿಡುವ ಅಭ್ಯಾಸವೂ ಬಿಡಿ. ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಕನೆಕ್ಟರ್‌ನಲ್ಲಿ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಇಡೀ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಿಎನ್‌ಸಿ ಕನೆಕ್ಟರ್‌ನಿಂದ ಎಸ್‌ಎಂಎ ಕನೆಕ್ಟರ್‌ಗೆ, ಅದರಿಂದ ಇನ್ನೊಂದಕ್ಕೆ ಅಂತ ಅಡಾಪ್ಟರ್ ಸಾಲು ಪೋಣಿಸಬೇಡಿ. ನಷ್ಟಕ್ಕಿಂತ ಹೆಚ್ಚಾಗಿ, ಅಲುಗಾಡುವ ಗಾಡಿಯಲ್ಲಿ ಅವು ಸಡಿಲವಾಗುತ್ತವೆ.

ಹೆಜ್ಜೆ 5: ಮೀಟರ್ ಇಟ್ಟು ನೋಡಿ

ಆಂಟೆನಾ ಕಡ್ಡಿ ಬಿಚ್ಚಿ, ಸ್ಕ್ಯಾನರ್ ಕಡೆಯ ಪ್ಲಗ್ ಕಳಚಿ. ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಬರುವ ಓಮ್ ನೆನಪಿಟ್ಟುಕೊಳ್ಳಿ, ಅದನ್ನು ಕಳೆಯಬೇಕು. ಪ್ಲಗ್‌ನ ಹೊರಭಾಗದಿಂದ ಕಾರಿನ ಬಾಡಿಗೆ ಅರ್ಧ ಓಮ್‌ಗಿಂತ ಕಡಿಮೆ ಬರಬೇಕು (ಮ್ಯಾಗ್ನೆಟ್ ಮೌಂಟ್‌ಗೆ ಇದು ಅನ್ವಯಿಸದು). ನಡುವಿನ ಪಿನ್‌ನಿಂದ ಹೊರಭಾಗಕ್ಕೆ ಏನೂ ಬರಬಾರದು. ಈಗ ಕಡ್ಡಿ ಹಾಕಿ ಮತ್ತೆ ನೋಡಿ. ಸಾದಾ ಕ್ವಾರ್ಟರ್ ವೇವ್‌ನಲ್ಲಿ ಆಗಲೂ ಓಪನ್ ಇರುತ್ತದೆ. ಕಾಯಿಲ್ ಇರುವ ಕೆಲವು ಆಂಟೆನಾಗಳಲ್ಲಿ ಪೂರ್ತಿ ಶಾರ್ಟ್ ತೋರಿಸುತ್ತದೆ. ಗಾಬರಿ ಬೇಡ, ಅವುಗಳ ರಚನೆಯೇ ಹಾಗೆ. ಒಣ ಗಾಳಿಯಲ್ಲಿ ಓಡುವಾಗ ಕಡ್ಡಿ ಮೇಲೆ ಸೇರುವ ಸ್ಟ್ಯಾಟಿಕ್ ಕೂಡ ಅದೇ ದಾರಿಯಲ್ಲಿ ಬಾಡಿಗೆ ಇಳಿದುಹೋಗುತ್ತದೆ.

ಹೆಜ್ಜೆ 6: ಪವರ್

ಬಹಳ ಸ್ಕ್ಯಾನರ್‌ಗಳು 1 ಆಂಪಿಯರ್ ಕೂಡ ಎಳೆಯುವುದಿಲ್ಲ. ಲೈಟರ್ ಸಾಕೆಟ್ ಸಾಕು. ಎಂಜಿನ್ ಸ್ಪೀಡ್ ಜೊತೆ ಏರುವ ಕುಂಯ್ ಅನ್ನುವ ರಾಗ ಸ್ಪೀಕರ್‌ನಲ್ಲಿ ಬಂದರೆ ಮಾತ್ರ ಬ್ಯಾಟರಿಯಿಂದ ನೇರ ಲೈನ್ ಎಳೆಯಿರಿ. ಪಾಸಿಟಿವ್‌ಗೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು.

ನೆಗೆಟಿವ್ ಅನ್ನು ಬ್ಯಾಟರಿ ಟರ್ಮಿನಲ್‌ಗೆ ಸಿಕ್ಕಿಸಬೇಡಿ, ಬಾಡಿಯ ಗಟ್ಟಿ ಬೋಲ್ಟ್‌ಗೆ ಕೊಡಿ. ಈಗಿನ ಬಹಳ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ, ಅದನ್ನು ದಾಟಿ ಕನೆಕ್ಷನ್ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಗಂಭೀರ. ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿ ಎಂದಾದರೂ ಸಡಿಲವಾದರೆ, ಸ್ಟಾರ್ಟರ್‌ನ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಆಗ ಅದಕ್ಕೆ ಸಿಗುವುದು ನಿಮ್ಮ ಆಂಟೆನಾ ಕೇಬಲ್‌ನ ಜಾಲರಿ, ಸ್ಕ್ಯಾನರ್, ಅದರ ಸಣ್ಣ ನೆಗೆಟಿವ್ ವೈರ್. ಹೊಗೆ ಬರಲು ಜಾಸ್ತಿ ಹೊತ್ತು ಬೇಡ.

ಹೆಜ್ಜೆ 7: ಗಲಾಟೆ ಬೇಟೆ

ಬಯಲಿನಲ್ಲಿ, ವಿದ್ಯುತ್ ತಂತಿಗಳಿಂದ ದೂರ ಗಾಡಿ ನಿಲ್ಲಿಸಿ. ವಿಮಾನ ಬ್ಯಾಂಡ್‌ನಲ್ಲಿ ಯಾರೂ ಮಾತಾಡದ ಒಂದು ಫ್ರೀಕ್ವೆನ್ಸಿ ಹಾಕಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ನಿಯಂತ್ರಣ) ಪೂರ್ತಿ ತೆರೆಯಿರಿ. ಎಎಂ ಆದ್ದರಿಂದ ಸಣ್ಣ ಗಲಾಟೆಯೂ ಕಿವಿಗೆ ಬೀಳುತ್ತದೆ, ಎಫ್‌ಎಂನಲ್ಲಿ ಅದು ಅಡಗಿಬಿಡುತ್ತದೆ. ಕೀ ಆಫ್ ಇದ್ದಾಗಿನ ಸದ್ದು ಮೊದಲು ಕೇಳಿ. ಆಮೇಲೆ ಕೀ ಆನ್. ಆಮೇಲೆ ಎಂಜಿನ್. ಆಮೇಲೆ ಎಸಿ ಫ್ಯಾನ್, ವೈಪರ್, ಹೆಡ್‌ಲೈಟ್, ಡ್ಯಾಶ್‌ಕ್ಯಾಮ್, ಫೋನ್ ಚಾರ್ಜರ್ ಒಂದೊಂದಾಗಿ.

ಎಂಜಿನ್ ಜೊತೆ ವೇಗ ಏರುವ ಟಿಕ್ ಟಿಕ್ ಇಗ್ನಿಷನ್‌ನದ್ದು. ರಾಗದಂತೆ ಏರುವುದು ಆಲ್ಟರ್ನೇಟರ್. ಏರಿಳಿಯದೆ ಒಂದೇ ಸಮ ಕರಕರ ಅನ್ನುವುದು ಬಹುತೇಕ ಯುಎಸ್‌ಬಿ ಚಾರ್ಜರ್ ಅಥವಾ ಡ್ಯಾಶ್‌ಕ್ಯಾಮ್. ನನ್ನ ಅನುಭವದಲ್ಲಿ ಕಳ್ಳ ಸಿಕ್ಕಿದ್ದು ಹೆಚ್ಚಾಗಿ ಚಾರ್ಜರ್‌ನಲ್ಲೇ. ಬ್ಯಾಟರಿ ಕಾರುಗಳಲ್ಲಿ ಇನ್ವರ್ಟರ್ ಗಲಾಟೆ ಇದಕ್ಕೆಲ್ಲ ಅಪ್ಪ.

ಗಲಾಟೆ ಇದ್ದಾಗಲೇ ಆಂಟೆನಾ ಪ್ಲಗ್ ಕಳಚಿ. ನಿಂತುಹೋದರೆ ಅದು ಆಂಟೆನಾ ಕಡೆಯಿಂದ ಬರುತ್ತಿತ್ತು. ಹಾಗೇ ಇದ್ದರೆ ಪವರ್ ವೈರ್‌ನಿಂದ. ಪವರ್ ಕಡೆಯದಾದರೆ ಫಿಲ್ಟರ್ ಅಥವಾ ನೇರ ಲೈನ್. ಆಂಟೆನಾ ಕಡೆಯದಾದರೆ ಮೊದಲು ಆ ಮುಷ್ಟಿ ಪರೀಕ್ಷೆ ಮಾಡಿ, ಗ್ರೌಂಡ್ ಪ್ಲೇನ್ ಸರಿ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕ್ಲಿಪ್ ಹಾಕುವ ಫೆರೈಟ್, ಅಂದರೆ ವೈರ್ ಸುತ್ತ ಕೂತು ಗಲಾಟೆ ತಡೆಯುವ ಕಾಂತೀಯ ತುಂಡು. ವಿಎಚ್‌ಎಫ್‌ಗೆ 31 ಅಥವಾ 43 ನಂಬರ್ ಮಿಶ್ರಣ, ಅದರ ಮೇಲಿನ ಬ್ಯಾಂಡ್‌ಗೆ 61. ಗಲಾಟೆ ಮಾಡುವ ಚಾರ್ಜರ್‌ನ ವೈರ್‌ಗೇ ಅದನ್ನು ಹಾಕಿದರೆ ಆಂಟೆನಾ ಕೇಬಲ್‌ಗೆ ಹಾಕುವುದಕ್ಕಿಂತ ಜಾಸ್ತಿ ಗುಣ.

ಬಾನೆಟ್‌ಗೆ ಬಾಂಡಿಂಗ್ ಪಟ್ಟಿ ಹಾಕುವುದು ಇಗ್ನಿಷನ್ ಗಲಾಟೆಗೆ ಒಳ್ಳೆಯ ಮದ್ದು. ಸೈಲೆನ್ಸರ್ ಪೈಪ್‌ಗೆ ಮೂರು ಕಡೆ ಪಟ್ಟಿ ಹಾಕಿ ಅನ್ನುವ ಸಲಹೆಯನ್ನೂ ನೀವು ಕೇಳಿರುತ್ತೀರಿ. ಅದು ಕಾರಿನಿಂದ ಎಚ್‌ಎಫ್‌ನಲ್ಲಿ (30 ಮೆಗಾಹರ್ಟ್ಜ್‌ಗಿಂತ ಕೆಳಗೆ) ಮಾತಾಡುವ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಸಲಹೆ. ವಿಎಚ್‌ಎಫ್ ಸ್ಕ್ಯಾನರ್‌ಗಾಗಿ ಕಾರಿನ ಕೆಳಗೆ ತೂರುವ ಶ್ರಮ ಬೇಡ.

ಸಿಗ್ನಲ್ ಜಾಸ್ತಿಯಾದಾಗ

ಒಳ್ಳೆಯ ಆಂಟೆನಾ ಹಾಕಿದ ಮೇಲೆ ಕೆಲವು ಚಾನೆಲ್ ಮೊದಲಿಗಿಂತ ಕೆಟ್ಟರೆ ಅರ್ಥಿಂಗ್ ಅನ್ನು ಬೈಯಬೇಡಿ. ಸ್ಕ್ಯಾನರ್‌ಗೆ ಸಿಗ್ನಲ್ ಹೊಟ್ಟೆ ಬಿರಿಯುವಷ್ಟಾಗಿರಬಹುದು. ಅಟೆನ್ಯುಯೇಟರ್ ಬಟನ್ ಒತ್ತಿ ನೋಡಿ. ಸಿಗ್ನಲ್ ಕಡಿಮೆ ಮಾಡಿದಾಗ ಮಾತು ಸ್ಪಷ್ಟವಾದರೆ ಓವರ್‌ಲೋಡ್ ಖಚಿತ. 88ರಿಂದ 108ರ ಎಫ್‌ಎಂ ಸ್ಟೇಷನ್‌ಗಳೇ ಬಹಳ ಸಲ ಕಾರಣ, ಆ ಬ್ಯಾಂಡ್ ತಡೆಯುವ ಒಂದು ಪುಟ್ಟ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. ಇಂಥ ಜಾಗದಲ್ಲಿ ಪ್ರೀಆಂಪ್ಲಿಫಯರ್ (ಸಿಗ್ನಲ್ ಹಿಗ್ಗಿಸುವ ಸಾಧನ) ಹಾಕುವುದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ಡಿಜಿಟಲ್ ಟ್ರಂಕಿಂಗ್‌ನಲ್ಲಿ ಮೀಟರ್ ಪೂರ್ತಿ ತೋರಿಸಿದರೂ ಮಾತು ಚೂರುಚೂರಾಗಿ ಬರುವುದುಂಟು. ಅನೇಕ ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಬಿತ್ತರಿಸುವಾಗ, ಅವು ನಿಮ್ಮನ್ನು ಮುಟ್ಟುವ ಹೊತ್ತಿನಲ್ಲಿ ಮೈಕ್ರೊಸೆಕೆಂಡ್‌ಗಳ ವ್ಯತ್ಯಾಸ ಇರುತ್ತದೆ, ಹಳೆಯ ಬಗೆಯ ಸ್ಕ್ಯಾನರ್ ಅದರಲ್ಲಿ ಗೊಂದಲಕ್ಕೆ ಬೀಳುತ್ತದೆ. ಇದಕ್ಕೆ ಅರ್ಥಿಂಗ್‌ನಲ್ಲಿ ಮದ್ದಿಲ್ಲ. ಗಾಡಿ ಒಂದೆರಡು ಮೀಟರ್ ಮುಂದಕ್ಕೆ ತೆಗೆದರೆ ಸರಿಯಾಗಬಹುದು, ಇಲ್ಲದಿದ್ದರೆ ಇಂಥ ಸಿಗ್ನಲ್‌ಗೆಂದೇ ಮಾಡಿದ ರಿಸೀವರ್ ಬೇಕು.

ಕೊನೆಯ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ

ಖಾಲಿ ಮೈದಾನದಲ್ಲಿ, ಸದಾ ಬರುತ್ತಿರುವ ಒಂದು ಬಲಹೀನ ಸಿಗ್ನಲ್ ಹಿಡಿಯಿರಿ. ವಿಮಾನ ನಿಲ್ದಾಣದ ಹವಾಮಾನ ಪ್ರಸಾರ ಇದಕ್ಕೆ ಹೇಳಿ ಮಾಡಿಸಿದ್ದು. ಕಾರನ್ನು 45 ಡಿಗ್ರಿಯಂತೆ 8 ಸಲ ತಿರುಗಿಸಿ, ಪ್ರತಿ ಸಲ ಮೀಟರ್ ಓದಿ ಬರೆದುಕೊಳ್ಳಿ. ಆದಷ್ಟೂ ಆಂಟೆನಾ ಅದೇ ಜಾಗದಲ್ಲಿ ಇರುವಂತೆ ತಿರುಗಿಸಿ, ಏಕೆಂದರೆ ಒಂದು ಮೀಟರ್ ಆಚೀಚೆ ಆದರೂ ಪ್ರತಿಫಲನದಿಂದ ಓದು ಬದಲಾಗುತ್ತದೆ. ಒಂದು ದಿಕ್ಕಿನಲ್ಲಿ ಮಾತ್ರ ಗುಂಡಿ ಬಿದ್ದಂತೆ ಇಳಿದರೆ ಆ ಕಡೆ ತಗಡು ಕಡಿಮೆ ಅಥವಾ ಕ್ಯಾರಿಯರ್ ಕಂಬಿ ಅಡ್ಡ ಬಂದಿದೆ. ಈ ಚೀಟಿಯನ್ನು ಗ್ಲವ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ, ಮುಂದೆ ರಿಸೆಪ್ಷನ್ ಕೆಟ್ಟಿತೋ ಇಲ್ಲವೋ ಅಂತ ಹೋಲಿಸಲು ಬೇಕಾಗುತ್ತದೆ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಕಡ್ಡಿ ಬಿಚ್ಚಿ ಮತ್ತೆ ಮೀಟರ್ ಇಡಿ. ನಡುವಿನ ಪಿನ್‌ನಿಂದ ಜಾಲರಿಗೆ ಓಪನ್ ಬದಲು ಕೆಲವು ಸಾವಿರ ಓಮ್ ತೋರಿಸಿದರೆ ಎಲ್ಲೋ ನೀರು ಸೇರಿದೆ. ಕನೆಕ್ಟರ್ ಪಕ್ಕ ಒಂದೆರಡು ಸೆಂಟಿಮೀಟರ್ ಹೊದಿಕೆ ಸುಲಿದು ನೋಡಿ. ಜಾಲರಿ ಹೊಳೆಯುತ್ತಿದ್ದರೆ ತೊಂದರೆ ಕನೆಕ್ಟರ್‌ನಲ್ಲಿ ಮಾತ್ರ, ಒರೆಸಿ ಒಣಗಿಸಿ ಹೊಸದು ಹಾಕಿ. ಕಪ್ಪಗಾಗಿದ್ದರೆ ನೀರು ಒಳಗೊಳಗೇ ದೂರ ಹರಿದಿದೆ, ಕತ್ತರಿಸಿ ಜೋಡಿಸುವ ಗೋಜಿಗೆ ಹೋಗದೆ ಪೂರ್ತಿ ಕೇಬಲ್ ಎಳೆದು ಬಿಸಾಡಿ.